ಗೀಜಗ ಬರೆದ ತಪ್ಪು ಸಾಲು

ಕೆರೆ ಏರಿಯ ಕಲ್ಲುಗಳ ನಡುವಿನ ಪೊಟರೆಯಲ್ಲಿ ಮೊಟ್ಟೆಯಿಟ್ಟಿದ್ದ ಗೊರವಂಕಮ್ಮನಿಗೆ ಒಂದೇ ಚಿಂತೆ: ಮಳೆ ಬಂದು ನೀರೇರಿದರೆ ಮೊಟ್ಟೆಗಳ ಗತಿಯೇನು? ನೀರೇರಿದ ಕೂಡಲೇ ಗಂಟೆ ಮೊಳಗಿಸಿ, ತೂಬು ತೆಗೆಯಲು ನೀರುನಾಯಿಯನ್ನು ಕರೆಯುವ ಪ್ರೋಗ್ರಾಂ ಬರೆದುಕೊಡುವುದಾಗಿ ಗೀಜಗ ಮಾತು ಕೊಟ್ಟಿದ್ದ. ಆದರೆ ಅವನ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತು. ಹೊಸದಾಗಿ ಸಿಕ್ಕಿದ್ದರ ಆಪರೇಟಿಂಗ್ ಸಿಸ್ಟಮ್ ಅವನು ಕಂಡು ಕೇಳರಿಯದ್ದು. ಅದರಲ್ಲಿ ಪ್ರೋಗ್ರಾಂ ಬರೆಯಲು ಎರಡು ಎಡಿಟರ್‌ಗಳಿದ್ದವು.

“ದಯಮಾಡಿಸಬೇಕು ಸ್ವಾಮಿ! ನನ್ನಲ್ಲಿ ನೂರು ಬಣ್ಣಗಳಿವೆ,” ಎಂದಿತು ಮೊದಲನೆಯದು.

“ಬರೆಯಿರಿ, ನೋಡೋಣ,” ಎಂದಷ್ಟೇ ಹೇಳಿತು ಎರಡನೆಯದು.

“ಬಣ್ಣದ್ದನ್ನೇ ತಗೊಳ್ಳಣ್ಣ, ಮೋಡ ಕವಿದಿದೆ!” ಎಂದು ಗೊರವಂಕಮ್ಮ ಚಡಪಡಿಸಿದಳು.

ಗಂಟು ಹಾಕಿದ ಮೇಲೆ ಎಳೆದು ನೋಡದೆ ಬಿಡುವ ಹಕ್ಕಿಯಲ್ಲ ಗೀಜಗ. ಎರಡರಲ್ಲೂ ಕೆಲವು ಸಾಲುಗಳ ನಡುವೆ ಬೇಕೆಂದೇ ಒಂದು ತಪ್ಪು ಸಾಲು ಬರೆದ.

“ಭೇಷ್! ಎಂಥ ಕೈ ನಿಮ್ಮದು!” ಎಂದಿತು ಮೊದಲನೆಯದು.

“ಮೂರನೆಯ ಸಾಲು ತಪ್ಪು. ಇದನ್ನು ನಂಬಿದರೆ ಗಂಟೆ ಮೊಳಗುವುದಿಲ್ಲ,” ಎಂದಿತು ಎರಡನೆಯದು.

“ಅಬ್ಬಾ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡ್ತಲ್ಲ!” ಎಂದಳು ಗೊರವಂಕಮ್ಮ.

“ಹೇಳಲಿ, ತಂಗಿ. ಹೊಸ ದಾರಿಯಲ್ಲಿ ನಾನು ಎಡವುವುದು ಖಂಡಿತ. ಎಡವಿದೆ ಎಂದು ಹೇಳುವವರ ಜೊತೆಗೇ ನನ್ನ ಕೆಲಸ,” ಎಂದು ಗೀಜಗ ಎರಡನೆಯದರಲ್ಲೇ ಬರೆಯತೊಡಗಿದ.

ಮಳೆ ಹೊಯ್ದು ನೀರೇರಿದ ದಿನ ಗಂಟೆ ಢಣಢಣ ಮೊಳಗಿತು. ನೀರುನಾಯಿ ತೂಬಿನತ್ತ ಓಡಿದ. ಉಳಿದ ಹಕ್ಕಿಗಳೆಲ್ಲ ಗಾಬರಿಯಿಂದ ನೀರು ನೋಡಲು ಹಾರಿದವು. ಗೊರವಂಕಮ್ಮ ಮಾತ್ರ ‘ಗಂಟೆ ಮೊಳಗಿತಲ್ಲ, ಇನ್ನು ತೂಬು ತೆರೆದೇ ತೆರೆಯುತ್ತದೆ’ ಎಂದುಕೊಂಡು ಮೊಟ್ಟೆಗಳ ಮೇಲಿಂದ ಕದಲಲಿಲ್ಲ.