‘ಆಯ್ತು’ ಅನ್ನುತ್ತಿದ್ದ ನರಿ

ಒಂದು ಕಾಡಿನಲ್ಲಿ ಒಂದು ಬಡಾವಣೆ ಇತ್ತು. ಕಾಡಿನಲ್ಲಿ ಎಂಥಾ ಬಡಾವಣೆ ಅಂತ ನಗಬೇಡಿ. ದೊಡ್ಡ ಆಲದ ಮರದ ಸುತ್ತ ಒತ್ತೊತ್ತಾಗಿ ಬಿಲ, ಪೊಟರೆ, ಗೂಡು. ಒಬ್ಬರು ಕೆಮ್ಮಿದರೆ ಪಕ್ಕದ ಮನೆಯವರಿಗೆ ಎಚ್ಚರವಾಗುತ್ತಿತ್ತು. ಎತ್ತರದಲ್ಲಿ ಇದ್ದದ್ದು ದಿಣ್ಣೆ ಸಾಲು, ಕೆಳಗೆ ಇದ್ದದ್ದು ತಗ್ಗಿನ ಸಾಲು. ತಗ್ಗಿನ ಸಾಲಿನ ಪಕ್ಕದಲ್ಲೇ ಒಂದು ಮೋರಿ. ಮಳೆ ನೀರೆಲ್ಲ ಅದರಲ್ಲಿ ಇಳಿದು, ಬಿದಿರು ಮೆಳೆಯ ತಿರುವು ದಾಟಿ, ದೂರದ ಹಳ್ಳ ಸೇರುತ್ತಿತ್ತು.

ಆ ಬಡಾವಣೆಗೆ ಸುದ್ದಿ ಹೇಳುತ್ತಿದ್ದವಳು ಮೈನಾ ಸಾಕಮ್ಮ. ದಿನಾ ಬೆಳಗ್ಗೆ ಆಲದ ಮರದ ಒಣ ಕೊಂಬೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದಳು.

“ಕೇಳ್ರಪ್ಪೋ ಕೇಳಿ! ಅತ್ತಿ ಮರದ ಕೆಳಗೆ ಹಣ್ಣು ಬಿದ್ದಿದೆ, ಮಕ್ಕಳಿಗೆ ಮೊದಲು ಬಿಡಿ. ಮುಳ್ಳುಹಂದಿಯವರ ಮನೇಲಿ ನಾಳೆ ನಾಮಕರಣ, ಹೋಗೋರು ಸ್ವಲ್ಪ ದೂರ ಕೂತ್ಕೊಳ್ಳಿ. ಅಳಿಲಿನ ಮನೆಯವರ ನೆಲ್ಲಿಕಾಯಿ ಒಂದು ಕಳೆದಿದೆ, ಸಿಕ್ಕೋರು ತಂದುಕೊಡಿ.”

ಸಾಕಮ್ಮ ಹೇಳಿದಳು ಅಂದರೆ ಮುಗೀತು. ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಸುಳ್ಳು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಅದನ್ನ ಯಾಕೆ ಮುಚ್ಚಿಡಲಿ?

ಬಡಾವಣೆಗೆ ಒಂದು ಸುಧಾರಣಾ ಸಮಿತಿಯೂ ಇತ್ತು. ಅದರ ಅಧ್ಯಕ್ಷ ದಿಣ್ಣೆ ಸಾಲಿನ ನರಿ ಚಂದ್ರಪ್ಪ. ದಾರಿ ಕೆಟ್ಟರೆ, ಮೋರಿ ಕಟ್ಟಿಕೊಂಡರೆ ಅವನಿಗೆ ಹೇಳಬೇಕು. ಅವನು ನಾಲ್ಕು ಜನರನ್ನು ಕರೆದು ಕೆಲಸ ಮಾಡಿಸಬೇಕು. ಕೆಲಸ ಮುಗಿದ ಮೇಲೆ ಅಧ್ಯಕ್ಷರಿಗೆ ಒಂದು ಸನ್ಮಾನ. ಹೆಗಲಿಗೆ ತೇಗದ ಎಲೆಯ ಶಾಲು, ಮುಂದೆ ಒಂದು ರಾಶಿ ಬೋರೆಹಣ್ಣು. ನರಿಗೆ ಬೋರೆಹಣ್ಣು ಅಂದರೆ ಪ್ರಾಣ.

ಒಂದು ದಿನ ಮೊಲ ಕುಂಟುತ್ತಾ ಬಂತು. “ಅಧ್ಯಕ್ಷರೇ, ನೀರಿಗೆ ಹೋಗೋ ದಾರೀಲಿ ಮುಳ್ಳು ಬಿದ್ದಿದೆ. ತೆಗೆಸಿಕೊಡಿ.”

ಚಂದ್ರಪ್ಪ ಬಿಸಿಲು ಕಾಯುತ್ತಾ ಮಲಗಿದ್ದ. ಕಣ್ಣು ಕೂಡ ಬಿಡಲಿಲ್ಲ. “ಆಯ್ತಪ್ಪ, ಆಯ್ತು” ಅಂದ.

ಆಗಲೇ ಸಾಕಮ್ಮ ಆ ದಾರಿಯಲ್ಲಿ ಹಾರಿ ಹೋಗುತ್ತಿದ್ದಳು. ಅವಳಿಗೆ ಕೊನೆಯ ಮಾತು ಮಾತ್ರ ಕೇಳಿಸಿತು. “ಏನಾಯ್ತು ಅಧ್ಯಕ್ಷರೇ?”

“ದಾರಿ ಮುಳ್ಳಿನ ವಿಚಾರ ಕಣಮ್ಮ. ಆಯ್ತು.”

ಮಾರನೇ ಬೆಳಗ್ಗೆ ಸಾಕಮ್ಮ ಕೊಂಬೆಯ ಮೇಲಿಂದ ಕೂಗಿದಳು: “ನೀರಿನ ದಾರಿಯ ಮುಳ್ಳು ತೆಗೆಸಿದ್ದು ಆಯ್ತು!” ಎಲ್ಲರೂ ಭೇಷ್ ಅಂದರು. ಸಂಜೆ ಹೊತ್ತಿಗೆ ಚಂದ್ರಪ್ಪನ ಹೆಗಲ ಮೇಲೆ ಶಾಲು ಬಿತ್ತು, ಮುಂದೆ ಹಣ್ಣಿನ ರಾಶಿ ಬಂತು. ಅವನಿಗೆ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಒಂದು ಮುಳ್ಳೂ ಅಲ್ಲಾಡಿರಲಿಲ್ಲ!

ಈ ‘ಆಯ್ತು’ ಅನ್ನೋದು ನಮ್ಮಲ್ಲಿ ಒಂದು ವಿಚಿತ್ರ ಮಾತು ನೋಡಿ. ಕೆಲಸ ಒಪ್ಪಿಕೊಂಡರೂ ಆಯ್ತು, ಕೆಲಸ ಮುಗಿಸಿದರೂ ಆಯ್ತು. ಊಟಕ್ಕೆ ಬಾ ಅಂದರೆ ಆಯ್ತು, ಊಟ ಮುಗಿಸಿ ಕೈ ತೊಳೆದರೂ ಆಯ್ತು. ಚಂದ್ರಪ್ಪ ಆ ರಾತ್ರಿ ಬೋರೆಹಣ್ಣಿನ ಬೀಜ ಉಗುಳುತ್ತಾ ಇದನ್ನೇ ಯೋಚಿಸಿದ. ಅವತ್ತಿನಿಂದ ಯಾರು ಏನು ಕೇಳಿಕೊಂಡು ಬಂದರೂ ಸಾಕಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ “ಆಯ್ತು!” ಅನ್ನತೊಡಗಿದ. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಹೇಳುತ್ತಿರಲಿಲ್ಲ, ಕಿಲಾಡಿ!

ಮೊಲ ಒಮ್ಮೆ ಕಾಲಿನ ಮುಳ್ಳು ತೋರಿಸಿ, “ಎಲ್ರೀ ತೆಗೆಸಿದ್ದು?” ಅಂತ ಕೇಳಿತು. ಚಂದ್ರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಹೊಸ ಮುಳ್ಳು ಕಣಯ್ಯ” ಅಂದ. ಮೊಲ ಪಾಪದ್ದು, ಇದ್ದರೂ ಇರಬಹುದು ಅಂದುಕೊಂಡು ಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಯಾರೂ ಈ ಕಥೆ ಹೇಳುತ್ತಿರಲಿಲ್ಲ. ತಗ್ಗಿನ ಸಾಲಿನ ಕೊನೆಯ ಬಿಲದಲ್ಲಿ ಮುಂಗುಸಿ ದೇವೀರಮ್ಮ ಇದ್ದಳು. ನಾಲ್ಕು ಮರಿ ಹಾಕಿದ್ದಳು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. ಬಿದಿರು ಮೆಳೆಯ ತಿರುವಿನಲ್ಲಿ ಎಲೆ, ಕಡ್ಡಿ, ಹೂಳು ಸೇರಿ ಮೋರಿ ಪೂರ್ತಿ ಕಟ್ಟಿಕೊಂಡಿದೆ ಅಂತ ಅವಳಿಗೆ ಗೊತ್ತಿತ್ತು. ಮಳೆ ಬಂದರೆ ನೀರು ಹಿಂದಕ್ಕೆ ತಿರುಗುತ್ತದೆ. ತಿರುಗಿದರೆ ಮೊದಲು ನುಗ್ಗುವುದು ಅವಳ ಬಿಲಕ್ಕೇ.

ದೇವೀರಮ್ಮ ದಿಣ್ಣೆ ಹತ್ತಿ ಬಂದಳು. “ಅಧ್ಯಕ್ಷರೇ, ಮರಿಗಳು ಎಳೇವು. ಮೋರಿ ತೆಗೆಸಿಕೊಟ್ರೆ ಇಲ್ಲೇ ಇರ್ತೀನಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಒಂದೊಂದೇ ಮರೀನ ಕಚ್ಕೊಂಡು ಗುಡ್ಡದ ಆಚೆ ಹೋಗ್ತೀನಿ. ಬೇಜಾರಿಲ್ಲ.”

ಚಂದ್ರಪ್ಪ ಮೇಲೆ ಸಾಕಮ್ಮ ಕೂತಿದ್ದ ಕೊಂಬೆಯತ್ತ ಒಂದು ಕಣ್ಣು ಇಟ್ಟು, “ಆಯ್ತು ತಾಯಿ, ಮೋರಿ ಆಯ್ತು!” ಅಂದ.

“ಮೋರಿ ಹೂಳು ತೆಗೆಸಿದ್ದು ಆಯ್ತು!” ಅಂತ ಮಾರನೇ ದಿನ ಸಾಕಮ್ಮ ಸಾರಿದಳು.

ಬಿದಿರು ಮೆಳೆ ದೂರ. ಮರಿಗಳನ್ನು ಒಂಟಿಯಾಗಿ ಬಿಟ್ಟು ಅಲ್ಲಿಗೆ ಹೋಗಿ ನೋಡಲು ದೇವೀರಮ್ಮನಿಗೆ ಮನಸ್ಸು ಬರಲಿಲ್ಲ. ಸಾಕಮ್ಮನೇ ಹೇಳಿದ ಮೇಲೆ ನೋಡುವುದೇನು? ಅವಳು ನೆಮ್ಮದಿಯ ಉಸಿರು ಬಿಟ್ಟು, ಮರಿಗಳನ್ನು ನೆಕ್ಕಿ, ಒಣಹುಲ್ಲು ಹಾಸಿ ಬೆಚ್ಚಗೆ ಮಲಗಿಸಿದಳು.

ಇನ್ನೊಬ್ಬನ ವಿಷಯ ಹೇಳಬೇಕು. ಕಾಡುಹಂದಿ ಬೋರಯ್ಯ. ಮಾತು ಕಡಿಮೆ, ಮೂತಿ ಗಟ್ಟಿ. ಅವತ್ತು ಬೆಳಗ್ಗೆ ಅವನು ತಾನಾಗಿಯೇ ಮೋರಿ ಕಡೆ ಹೊರಟಿದ್ದ. ಅರ್ಧ ದಿನದ ಕೆಲಸ, ಮುಗಿಸಿಬಿಡೋಣ ಅಂತ. ದಾರಿಯಲ್ಲಿ ಸಾಕಮ್ಮನ ಸುದ್ದಿ ಕಿವಿಗೆ ಬಿತ್ತು. “ಓ, ಆಯ್ತಂತೆ” ಅಂದುಕೊಂಡು, ತಿರುಗಿ ಮನೆಗೆ ಹೋಗಿ ಗೆಡ್ಡೆ ತಿನ್ನುತ್ತಾ ಕೂತ. ಸಂಜೆ ಚಂದ್ರಪ್ಪನಿಗೆ ಎಂದಿನ ಹಾಗೆ ಶಾಲು, ಬೋರೆಹಣ್ಣು.

ನಾಲ್ಕನೇ ದಿನ ಮಧ್ಯಾಹ್ನ ಮೋಡ ಕವಿಯಿತು. ಧೋ ಅಂತ ಮಳೆ ಹೊಯ್ಯಿತು. ಮೋರಿಯ ನೀರು ಬಿದಿರು ಮೆಳೆಯವರೆಗೆ ಓಡಿ, ಅಲ್ಲಿ ನಿಂತು, ಊದಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿತು.

ದೇವೀರಮ್ಮನ ಕಾಲಿಗೆ ತಣ್ಣಗೆ ನೀರು ಮುಟ್ಟಿತು. ಒಂದು ಮರಿಯನ್ನು ಕಚ್ಚಿಕೊಂಡು ಮೇಲಕ್ಕೆ ಓಡಿ ಬಂಡೆಯ ಮೇಲೆ ಇಟ್ಟಳು. ಎರಡನೆಯದನ್ನು ತಂದಳು. ಮೂರನೆಯದನ್ನು ತರುವಾಗ ನೀರು ಅವಳ ಎದೆಮಟ್ಟ ಬಂದಿತ್ತು. ನಾಲ್ಕನೆಯದು ಬಿಲದ ಒಳಮೂಲೆಯಲ್ಲಿ ಎತ್ತರದ ಗೂಡಿನಲ್ಲಿ ಉಳಿದಿತ್ತು. ಬಿಲದ ಬಾಯಿ ಅಷ್ಟರಲ್ಲಿ ಮುಳುಗಿ ಹೋಯಿತು.

“ಅಯ್ಯೋ, ನನ್ನ ಕೂಸು ಒಳಗಿದೆ! ಯಾರಾದ್ರೂ ಬನ್ರಪ್ಪಾ!”

ಆ ಕೂಗು ಕೇಳಿ ಸಾಕಮ್ಮ ಮಳೆಯಲ್ಲೇ ಹಾರಿ ಬಂದಳು. ನೀರು ಕಂಡಳು. ಬಿದಿರು ಮೆಳೆಗೆ ಹಾರಿದಳು. ಎಲೆ, ಕಡ್ಡಿ, ಹೂಳು ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಅಳುವ ಹೊತ್ತು ಅದಲ್ಲ. ನೇರ ಬೋರಯ್ಯನ ಮನೆ ಮುಂದೆ ಇಳಿದು ಕಿರುಚಿದಳು: “ಬೋರಣ್ಣಾ, ಮೋರಿ ಆಗಿಲ್ಲ! ಕಣ್ಣಾರೆ ನೋಡಿ ಬಂದೆ, ಆಗಿಲ್ಲ! ದೇವೀರಮ್ಮನ ಮರಿ ನೀರಲ್ಲಿದೆ!”

ಬೋರಯ್ಯ ಬಾಯಲ್ಲಿದ್ದ ಗೆಡ್ಡೆ ಉಗುಳಿ ಓಡಿದ. ತಲೆ ತಗ್ಗಿಸಿ ಹೂಳಿಗೆ ಮೂತಿ ಹಾಕಿದ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಕಟ್ಟೆ ಒಡೆದು ನೀರು ಭೋರೆಂದು ಹಳ್ಳದ ಕಡೆ ಇಳಿಯಿತು. ಇತ್ತ ಬಿಲದ ಬಾಯಿ ನಿಧಾನವಾಗಿ ಕಾಣಿಸಿತು. ದೇವೀರಮ್ಮ ಒಳಗೆ ನುಗ್ಗಿದಳು. ಎಷ್ಟೋ ಹೊತ್ತಾದ ಹಾಗೆ, ಕೂಗು ಕೇಳಿ ಸೇರಿದ್ದವರಿಗೆಲ್ಲ ಅನ್ನಿಸಿತು. ಕೊನೆಗೆ ಮೈಯೆಲ್ಲ ಕೆಸರಾಗಿ ಹೊರಗೆ ಬಂದಳು. ಬಾಯಲ್ಲಿ ಮರಿ. ಮರಿ ‘ಕುಂಯ್’ ಅಂದಿತು. ದೇವೀರಮ್ಮ ಅಲ್ಲೇ ಕೂತು ಅತ್ತುಬಿಟ್ಟಳು.

“ತಪ್ಪು ನನ್ನದು ಕಣೇ” ಅಂದಳು ಸಾಕಮ್ಮ. “ಎರಡು ರೆಕ್ಕೆ ಇಟ್ಕೊಂಡೂ ಹಾರಿ ಹೋಗಿ ನೋಡಲಿಲ್ಲ.”

ಮಾರನೇ ದಿನ ಬಿಸಿಲು ಬಂತು. ಎಲ್ಲರೂ ಮೋರಿ ಹತ್ತಿರ ಸೇರಿ ಉಳಿದ ಕಸ ಬಾಚುತ್ತಿದ್ದರು. ಬೋರಯ್ಯ ತೆಗೆದ ಹೂಳು ದಡದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಆಗ ಬಂದ ನೋಡಿ ಚಂದ್ರಪ್ಪ! ಮೈಗೆ ಒಂದು ಹನಿ ಕೆಸರು ತಾಗಿರಲಿಲ್ಲ. ಹೆಗಲ ಮೇಲೆ ಹೊಸ ತೇಗದೆಲೆ ಶಾಲು, ತಾನೇ ಹಾಕಿಕೊಂಡು ಬಂದಿದ್ದ.

“ಸಾಕಮ್ಮ, ಸುದ್ದಿ ಸಾರು. ಅಧ್ಯಕ್ಷರ ನೇತೃತ್ವದಲ್ಲಿ ಮೋರಿ ಕೆಲಸ ಆಯ್ತು!”

ದೇವೀರಮ್ಮ ಮುಂದೆ ಬಂದಳು. ದನಿ ಏರಿಸಲಿಲ್ಲ. “ಅಧ್ಯಕ್ಷರೇ, ಐದು ದಿನದ ಹಿಂದೇನೇ ಆಯ್ತು ಅಂದಿದ್ರಲ್ಲ?”

“ಅಯ್ಯೋ ತಾಯಿ, ನಾನು ‘ಆಯ್ತು’ ಅಂದಿದ್ದು ‘ಆಗಲಿ, ಮಾಡಿಸೋಣ’ ಅಂತ! ಈ ಸಾಕಮ್ಮ ತಪ್ಪಾಗಿ ತಿಳ್ಕೊಂಡ್ರೆ ನಾನೇನು ಮಾಡ್ಲಿ?” ಅಂದ ಚಂದ್ರಪ್ಪ. ಸಾಕಮ್ಮನ ಗರಿಯೆಲ್ಲ ನಿಮಿರಿತು.

ಎಲ್ಲರೂ ಗುರುಗುಟ್ಟತೊಡಗಿದರು. ಭಾಷಣ ಮಾಡಿ ಸಮಾಧಾನಪಡಿಸೋಣ ಅಂತ ಚಂದ್ರಪ್ಪ ಎತ್ತರದ ಜಾಗ ಹುಡುಕಿದ. ಹೂಳಿನ ಗುಡ್ಡೆ ಕಂಡಿತು. ಮೇಲೆ ಬಿಸಿಲಿಗೆ ಒಣಗಿ ಗಟ್ಟಿಯಾದ ಹಾಗೆ ಕಾಣುತ್ತಿತ್ತು. ಅದರ ಮೇಲೆ ಹಾರಿ ನಿಂತು, “ಬಡಾವಣೆಯ ಬಂಧುಗಳೇ” ಅಂದ. ಅಷ್ಟೇ. ಪಚಕ್! ನಾಲ್ಕು ಕಾಲೂ ಒಳಗೆ ಇಳಿದವು, ಹೊಟ್ಟೆಯವರೆಗೆ ಹೂತುಹೋದ. ಒದ್ದಾಡಿದಷ್ಟೂ ಕೆಸರು ಎಳೆಯಿತು. ಶಾಲು ಜಾರಿ ಮೋರಿಯಲ್ಲಿ ತೇಲಿ ಹೋಯಿತು.

“ಎತ್ರಪ್ಪೋ! ನನ್ನನ್ನ ಮೇಲಕ್ಕೆ ಎತ್ತಿ!”

ಬೋರಯ್ಯ ಅವನನ್ನು ಒಂದು ಗಳಿಗೆ ನೋಡಿದ. “ಆಯ್ತು” ಅಂದ. ಅಂದು, ಅಲ್ಲೇ ಕೂತ.

ಮೊಲ “ಆಯ್ತು” ಅಂತು. ಮುಳ್ಳುಹಂದಿ “ಆಯ್ತು, ಆಯ್ತು” ಅಂತು. ಸಾಕಮ್ಮ ಬಿದಿರಿನ ತುದಿಗೆ ಹಾರಿ, ಗಂಟಲು ಸರಿಮಾಡಿಕೊಂಡು ಕೂಗಿದಳು: “ಕೇಳ್ರಪ್ಪೋ ಕೇಳಿ! ಅಧ್ಯಕ್ಷರನ್ನ ಕೆಸರಿಂದ ಎತ್ತಿದ್ದು ಆಯ್ತು!”

“ಓ, ಆಯ್ತಂತೆ! ನಡೀರಿ, ಊಟದ ಹೊತ್ತಾಯ್ತು” ಅಂತ ಎಲ್ಲರೂ ಎದ್ದು ಹೊರಟರು.

“ಎಲ್ಲಿ ಆಯ್ತು?” ಚಂದ್ರಪ್ಪ ಅರಚಿದ. “ನಾನು ಇನ್ನೂ ಇಲ್ಲೇ ಇದ್ದೀನಲ್ರೋ! ಕಣ್ಣು ಬಿಟ್ಟು ನೋಡ್ರೋ!”

ಮೊಲ ತಿರುಗಿ ನೋಡಿ, “ಇದು ಹೊಸ ಕೆಸರು ಇರಬೇಕು” ಅಂತು.

ಬಿಸಿಲು ಏರಿತು. ಸುತ್ತ ಯಾರೂ ಇಲ್ಲ. ನೊಣ ಬಂದು ಮೂಗಿನ ಮೇಲೆ ಕೂತರೆ ಓಡಿಸಲು ಕಾಲಿಲ್ಲ. ಕೂಗಿದರೆ ದೂರದಿಂದ “ಆಯ್ತು ಅಧ್ಯಕ್ಷರೇ!” ಅನ್ನುವ ಉತ್ತರ ಮಾತ್ರ ಬರುತ್ತಿತ್ತು. ಆ ಮಾತು ಕೇಳಿದವರಿಗೆ ಹೇಗಿರುತ್ತದೆ ಅಂತ ಚಂದ್ರಪ್ಪನಿಗೆ ಅವತ್ತೇ ಮೊದಲ ಸಲ ಗೊತ್ತಾಗಿದ್ದು. ಕೊನೆಗೆ ಅವನ ಕಣ್ಣಲ್ಲಿ ನೀರು ಬಂತು. “ನಾನು ಒಂದು ಕೆಲಸಾನೂ ಮಾಡಿಸಿಲ್ಲ! ಮುಳ್ಳು ತೆಗೆಸಿಲ್ಲ, ಮೋರಿ ತೆಗೆಸಿಲ್ಲ. ಬೇಕು ಬೇಕಂತಲೇ ‘ಆಯ್ತು’ ಅಂದೆ. ಸಾಕಮ್ಮಂದು ತಪ್ಪಿಲ್ಲ. ತಪ್ಪಾಯ್ತು, ತಪ್ಪಾಯ್ತು!”

ದೇವೀರಮ್ಮನ ಕಿವಿಗೆ ಇದು ಬಿತ್ತು. ಅವಳು ನಾಲ್ಕೂ ಮರಿಗಳ ಕಡೆ ನೋಡಿದಳು. ಒಣಗಿದ ಮೈಯಲ್ಲಿ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. “ಬೋರಣ್ಣ, ನನ್ನ ಮಕ್ಕಳು ಉಳಿದವು. ಅವನನ್ನೂ ಉಳಿಸು. ಈ ‘ತಪ್ಪಾಯ್ತು’ ಒಂದಾದರೂ ನಿಜವಾದ ಆಯ್ತು ಥರ ಕೇಳ್ತಿದೆ” ಅಂದಳು. ಬೋರಯ್ಯ ಹೋಗಿ ಒಂದೇ ನೂಕಿಗೆ ಅವನನ್ನು ದಡಕ್ಕೆ ಎಸೆದ.

ಅಧ್ಯಕ್ಷಗಿರಿ ಹೋಯಿತು. ಮೋರಿಗೆ ಬಿದ್ದ ಎಲೆಯನ್ನು ದಿನಾ ಬೆಳಗ್ಗೆ ತೆಗೆಯುವ ಕೆಲಸ ಚಂದ್ರಪ್ಪನ ಪಾಲಿಗೆ ಬಂತು. ಸಾಕಮ್ಮನೂ ಒಂದು ನಿಯಮ ಮಾಡಿಕೊಂಡಳು. ಮೊದಲು ಹಾರಿ ಹೋಗಿ ನೋಡುವುದು, ಆಮೇಲೆ ಸಾರುವುದು. “ನೋಡಿ ಬಂದೆ, ಆಯ್ತು” ಅಂತ ಅವಳು ಹೇಳಿದರೆ ಮಾತ್ರ ಆಯ್ತು. ಸನ್ಮಾನದ ಬೋರೆಹಣ್ಣನ್ನು ಕೆಲಸಕ್ಕೆ ಬಂದವರೆಲ್ಲ ಹಂಚಿಕೊಂಡು ತಿನ್ನುವುದು ಅಂತಲೂ ತೀರ್ಮಾನವಾಯಿತು.

ಮುಂದೆ ಒಂದು ಬೆಳಗ್ಗೆ ದೇವೀರಮ್ಮ ಮರಿಗಳನ್ನು ಆಡಿಸುತ್ತಾ ಬಿಲದ ಮುಂದೆ ಕೂತಿದ್ದಳು. ಮರಿಗಳು ಕಣ್ಣು ಬಿಟ್ಟಿದ್ದವು. ಚಂದ್ರಪ್ಪ ಆ ಕಡೆಯಿಂದ ಬಂದ.

“ಎಲೆ ತೆಗೆದ್ಯಾ ಚಂದ್ರಪ್ಪ?”

“ಆಯ್ತು” ಅಂದ ಅವನು, ಹಳೇ ಅಭ್ಯಾಸದಲ್ಲಿ.

ಇಡೀ ತಗ್ಗಿನ ಸಾಲು ಒಂದೇ ದನಿಯಲ್ಲಿ ಕೇಳಿತು: “ಬಾಯಿ ಆಯ್ತೋ, ಕೈ ಆಯ್ತೋ?”

ಚಂದ್ರಪ್ಪ ಹತ್ತಿರ ಬಂದ. ಮುಂಗಾಲು ಎರಡೂ ಎತ್ತಿ ತೋರಿಸಿದ. ಮೊಣಕಾಲಿನವರೆಗೂ ಹಸಿ ಕೆಸರು ಮೆತ್ತಿತ್ತು.

ನೀತಿ: ಒಪ್ಪಿಕೊಂಡ ಕೆಲಸವನ್ನು ಮುಗಿದ ಕೆಲಸ ಅಂತ ಹೇಳಿಕೊಳ್ಳಬಾರದು, ಕಣ್ಣಾರೆ ನೋಡದೆ ಅದನ್ನು ನಾಲ್ಕು ಜನರಿಗೆ ಸಾರಲೂಬಾರದು.