ಕುದಿನೀರಿಗೆ ಸಾಯದ ಪುಡಿ

"ಅಪ್ಪಾವರ, ಯಾವುದೂ ಮುಟ್ಟಲಾರದಂಥ ಮನಸು ಬಂತಂದ್ರ ಸಾಧನಾ ಮುಗೀತೇನ್ರಿ?" ಎಂದು ಮುರಿಗೆಯ್ಯ ಗುರುಗಳನ್ನು ಕೇಳಿದ.

ಅವನು ಮಠ ಸೇರಿ ಐದು ವರ್ಷವಾಗಿತ್ತು. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಆ ಬೆಳಿಗ್ಗೆ ಬಂದು, ಗಂಡ ತೀರಿಹೋದ ಸುದ್ದಿ ಹೇಳಿ ಅತ್ತಿದ್ದಳು. ಇವನು ಒಂದು ಮಾತೂ ಆಡದೆ ಒಳಗೆ ಬಂದಿದ್ದ. ಆಕೆ ಇನ್ನೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ತನ್ನ ಕಣ್ಣು ಒದ್ದೆಯಾಗಲಿಲ್ಲ ಎಂಬುದನ್ನು ಅವನು ಗುರುಗಳಿಗೆ ಎರಡೆರಡು ಸಲ ಹೇಳಿದ.

ಗುರುಗಳು ಭೇಷ್ ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ವೀಳ್ಯದೆಲೆಯ ತೋಟವಿತ್ತು. ಒಂದು ವರ್ಷ ಬಳ್ಳಿಗಳ ಬೇರು ಕೊಳೆಯತೊಡಗಿತು. ಬೇರು ಕಾಯುವ ಸೂಕ್ಷ್ಮಜೀವಿಗಳ ಪುಡಿಯನ್ನು ಒಬ್ಬ ಹೆಂಗಸು ಮಾಡುತ್ತಾಳೆಂದು ಕೇಳಿ, ಹೋಗಿ ತಂದ. ಬೆಲ್ಲ, ಕಡಲೆಹಿಟ್ಟು ಕದಡಿದ ನೀರಿನಲ್ಲಿ ಒಂದು ದಿನ ನೆನೆಸಿ ಹಾಕು ಎಂದು ಆಕೆ ಹೇಳಿ ಕಳಿಸಿದ್ದಳು. ರೈತ ಬುದ್ಧಿವಂತ. ಒದ್ದೆಯಿಂದಲೇ ಬೇರು ಕೊಳೆಯುತ್ತಿರುವಾಗ ಮದ್ದನ್ನೂ ಒದ್ದೆ ಮಾಡುವುದೇ ಎಂದುಕೊಂಡ. ನೀರು ಬಿಡುವುದನ್ನು ನಿಲ್ಲಿಸಿ, ಒಣಪುಡಿಯನ್ನೇ ಬುಡಕ್ಕೆ ಉದುರಿಸಿದ. ಹತ್ತು ದಿನ ಕಳೆಯಿತು. ಬಳ್ಳಿಗಳು ಸಾಲುಸಾಲಾಗಿ ಸೊರಗಿದವು.

ಸತ್ತ ಬೂದಿ ಕೊಟ್ಟು ನನ್ನ ತೋಟ ಹಾಳು ಮಾಡಿದೆ ಎಂದು ಆಕೆಯ ಮನೆಗೆ ಹೋಗಿ ಬೈದ. ಆಕೆ ಅವನ ಪೊಟ್ಟಣದಿಂದಲೇ ಒಂದು ಚಿಟಿಕೆ ತೆಗೆದು, ಅದರ ಮೇಲೆ ಕುದಿಯುವ ನೀರು ಸುರಿದಳು. ಆರಿದ ಮೇಲೆ ಬೆಲ್ಲ ಹಾಕಿದ ತಿಳಿ ಬೇಳೆಕಟ್ಟಿಗೆ ಬೆರೆಸಿ, ಎರಡು ದಿನ ಬಿಟ್ಟು ಬಾ ಎಂದಳು. ಬಂದು ನೋಡಿದರೆ ಕಟ್ಟು ಕದಡಿ, ಮೇಲೆ ಕೆನೆ ಕಟ್ಟಿತ್ತು; ಸತ್ತದ್ದೆಂದ ಪುಡಿ ಜೀವ ತಳೆದು ಬೆಳೆದಿತ್ತು.

ಆಗ ಆಕೆ ತಿಳಿಸಿ ಹೇಳಿದಳು. ಪುಡಿಯೊಳಗಿನ ಈ ಜೀವಿ ಕಷ್ಟಕಾಲ ಬಂದಾಗ ಸಿಪ್ಪೆಯ ಒಳಗೆ ಒಂದು ದಪ್ಪ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆ ಒಳಗಿನ ತಿರುಳಿಗೆ ನೀರು ಸೇರಗೊಡುವುದಿಲ್ಲ. ಒಣಗಿದ ತಿರುಳನ್ನು ಕುದಿನೀರೂ ಬೇಯಿಸಲಾರದು, ಬಿಸಿಲೂ ಸುಡಲಾರದು. ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೆ ಅಷ್ಟು ದಿನವೂ ಅದು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಯಾವ ಬೇರಿಗೂ ಒದಗುವುದಿಲ್ಲ. ಬೆಲ್ಲ, ಹಿಟ್ಟಿನಂಥ ಅನ್ನದ ರುಚಿ ತಾಗಿದರೆ ಮಾತ್ರ ತಾನೇ ಕೂಡಿಟ್ಟುಕೊಂಡ ರಸದಿಂದ ತನ್ನ ಗೋಡೆಯನ್ನು ಕರಗಿಸಿಕೊಳ್ಳುತ್ತದೆ. ನೀರು ಒಳಗೆ ಬರುತ್ತದೆ, ಜೀವ ಎಚ್ಚರಾಗುತ್ತದೆ. ಆ ಗಳಿಗೆಯಿಂದ ಬಿಸಿನೀರು ಬಿದ್ದರೂ ಸಾಯುತ್ತದೆ. ಬೇರನ್ನು ಕಾಯುವುದೂ ಆ ಗಳಿಗೆಯಿಂದಲೇ.

ರೈತನಿಗೆ ಇದು ನಷ್ಟದ ವ್ಯವಹಾರ ಅನ್ನಿಸಿತು.

"ಗ್ವಾಡಿನೂ ಇರಬೇಕು, ಕೆಲಸಾನೂ ಆಗಬೇಕು. ಅಂಥಾ ಪುಡಿ ಇಲ್ಲೇನವ್ವಾ?"

"ಗ್ವಾಡಿ ಇರೂತನಕ ಅದಕ್ಕ ಸಾವಿಲ್ಲ. ನಿನ್ನ ಬಳ್ಳಿಗೂ ಬದುಕಿಲ್ಲ," ಎಂದಳು ಆಕೆ.

ರೈತ ಮನೆಗೆ ಬಂದು ಪುಡಿ ನೆನೆಸಿ ಹಾಕಿದ. ಅರ್ಧ ತೋಟ ಆಗಲೇ ಹೋಗಿತ್ತು. ಉಳಿದರ್ಧ ಚಿಗುರಿತು.

ಕತೆ ಮುಗಿಯಿತು. ಮುರಿಗೆಯ್ಯ ಖುಷಿಯಿಂದ ತಲೆದೂಗಿ, ಕುದಿನೀರಿಗೂ ಜಗ್ಗದ ಆ ಗೋಡೆ ದೊಡ್ಡದು ಎಂದ.

ಗುರುಗಳು ಬಾಗಿಲ ಕಡೆ ನೋಡಿ ಹೇಳಿದರು:

"ನಿನ್ನ ಗ್ವಾಡಿ ಗಟ್ಟಿ ಐತಿ, ಒಪ್ಪಿದೆ, ಆದ್ರ ನಿಮ್ಮಕ್ಕ ಬಂದದ್ದು ಅದನ್ನ ನೋಡಾಕಲ್ಲ."