ಗಂಟಿನ ಕೆಳಗಿನ ಚಿಗುರು

ಮುದ್ದಹನುಮಯ್ಯ ಯಾರನ್ನೂ ನಂಬುವವನಲ್ಲ. ಹಾಲಿನವನು ಅಳೆಯುವಾಗ ಪಾವಿನ ಮೇಲಲ್ಲ, ಅವನ ಹೆಬ್ಬೆರಳಿನ ಮೇಲೆ ಕಣ್ಣಿಡುತ್ತಿದ್ದ.

ಹೆಂಡತಿ ಪುಟ್ಟಗೌರಮ್ಮನ ತವರಲ್ಲಿ ಒಂದು ಮಾವಿನ ಮರವಿತ್ತು. ಅಂಥ ಸಿಹಿ ಹಣ್ಣು ಸುತ್ತಲ ಹಳ್ಳಿಗಳಲ್ಲೆಲ್ಲೂ ಇರಲಿಲ್ಲ. ರಸ್ತೆ ಅಗಲ ಮಾಡಲು ಆ ಮರ ಕಡಿಯುವುದೆಂದಾಯಿತು. ಪುಟ್ಟಗೌರಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪಕ್ಕದ ಮನೆಯ ಸಿದ್ದಗಂಗಮ್ಮ ನರ್ಸರಿಯಲ್ಲಿ ಕಸಿ ಕಟ್ಟುವವಳು. ಮರ ಉರುಳುವ ಮುನ್ನ ಹೋಗಿ ನಾಲ್ಕು ಕುಡಿ ತಂದಳು. ನಾಟಿ ಮಾವಿನ ಓಟೆಯಿಂದ ಎದ್ದ ಸಸಿಗಳಿಗೆ ಕಟ್ಟಿದಳು. ಮೂರು ಒಣಗಿದವು. ಒಂದೇ ಹಿಡಿಯಿತು. ಅದನ್ನು ತಂದುಕೊಟ್ಟಳು.

“ಅಣ್ಣ, ಕಟ್ಟಿರೋ ಗಂಟು ನೋಡ್ಕೊಳ್ಳಿ. ಅದರ ಕೆಳಗೆ ಏನು ಚಿಗುರಿದರೂ ಚಿವುಟಿಬಿಡಿ. ಅದು ನಿಮ್ಮ ಮರ ಅಲ್ಲ.”

ಮುದ್ದಹನುಮಯ್ಯ ಹಿತ್ತಲಲ್ಲಿ ಗುಂಡಿ ತೋಡಿದ. ಗೊಬ್ಬರ ಹಾಕಿದ. ನೆಟ್ಟ.

ಮಳೆ ಬಿತ್ತು. ಗಂಟಿನ ಮೇಲೆ ಎರಡೇ ಎಲೆ, ಅವೂ ಜೋತುಬಿದ್ದಿದ್ದವು. ಗಂಟಿನ ಕೆಳಗೆ ಕೆಂಪಗೆ, ದಪ್ಪಗೆ ಒಂದು ಚಿಗುರು ನುಗ್ಗಿ ಬಂತು.

“ಚೆನ್ನಾಗಿ ಬೆಳೆಯೋದನ್ನೇ ಚಿವುಟು ಅಂದಳಲ್ಲ,” ಎಂದ ಮುದ್ದಹನುಮಯ್ಯ.

“ಅವಳೇ ಕಟ್ಟಿದ ಗಿಡ. ಅವಳೇ ಯಾಕೆ ಕೆಡಿಸ್ತಾಳೆ?” ಎಂದಳು ಪುಟ್ಟಗೌರಮ್ಮ.

“ಅದೇ ನನಗೂ ಗೊತ್ತಾಗ್ತಿಲ್ಲ. ಅದಕ್ಕೇ ಅನುಮಾನ.”

ಸಿದ್ದಗಂಗಮ್ಮನ ಹಿತ್ತಲಲ್ಲಿ ಮಾವಿಲ್ಲ. ನಮ್ಮದು ಬೆಳೆದರೆ ಅವಳ ಹೊಟ್ಟೆ ತಣ್ಣಗಿದ್ದೀತೇ? ಹೀಗೆಂದುಕೊಂಡು ಅವನು ಗಿಡದ ಸುತ್ತ ಜಾಲಿಮುಳ್ಳು ಒಟ್ಟಿದ.

ಒಂದು ದಿನ ಸಿದ್ದಗಂಗಮ್ಮ ಗೋಡೆಯಾಚೆಯಿಂದ ಇಣುಕಿದಳು. “ಅಣ್ಣ, ಆ ಚಿಗುರು...”

ಮುದ್ದಹನುಮಯ್ಯ ಗಿಡಕ್ಕೆ ಅಡ್ಡ ನಿಂತ. “ನಿನ್ನ ಕೈಗೆ ಅಷ್ಟು ನವೆಯಾದರೆ ನಿನ್ನ ನರ್ಸರೀಲಿ ಚಿವುಟಮ್ಮ.”

ಅವಳು ಮತ್ತೆ ಇಣುಕಲಿಲ್ಲ.

ಕೆಳಗಿನ ಚಿಗುರು ರಸವನ್ನೆಲ್ಲ ಹೀರಿತು. ಮೇಲಿನ ಕುಡಿ ಒಣಗಿತು. ಒಣಗಿದ್ದನ್ನು ಮುದ್ದಹನುಮಯ್ಯ ತಾನೇ ಮುರಿದು ಎಸೆದ. ಉಳಿದದ್ದು ಗೋಡೆ ಮೀರಿ ಬೆಳೆಯಿತು. ಬಂದವರಿಗೆಲ್ಲ ಅದನ್ನು ತೋರಿಸಿ, “ಅವಳ ಮಾತು ಕೇಳಿದ್ದರೆ ಇದು ಇರ್ತಿತ್ತಾ?” ಎನ್ನುತ್ತಿದ್ದ.

ಏಳನೆಯ ವರ್ಷ ಕಾಯಿ ಹಿಡಿಯಿತು. ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದರು. ಮೊದಲ ಹೋಳನ್ನು ಮುದ್ದಹನುಮಯ್ಯ ಹೆಂಡತಿಗೇ ಕೊಟ್ಟ.

ಪುಟ್ಟಗೌರಮ್ಮ ಕಣ್ಣು ಮುಚ್ಚಿ ಬಾಯಿಗಿಟ್ಟಳು. ಬರೀ ನಾರು, ಹಲ್ಲು ಚುಳ್ಳೆನ್ನುವ ಹುಳಿ; ತವರಿನ ಹಣ್ಣಲ್ಲ, ನಾಟಿ ಮಾವು. ಮೆಲ್ಲಗೆ ಕೆಳಗಿಟ್ಟಳು.

“ಗೊಜ್ಜಿಗೆ ಆದೀತು,” ಎಂದು ಎದ್ದು ಒಳಗೆ ಹೋದಳು.

ಮುದ್ದಹನುಮಯ್ಯ ಇನ್ನೊಂದು ಹೋಳನ್ನು ತಾನೂ ಕಚ್ಚಿ ನೋಡಿದ. ಆಮೇಲೆ ಗೋಡೆಯ ಬಳಿ ಹೋದ.

“ಸಿದ್ದಗಂಗಮ್ಮ, ಆ ಮರದ ಕುಡಿ ಇನ್ನೊಂದು ಸಿಗುತ್ತಾ?”

“ಆ ಮರ ಎಲ್ಲಿದೆ ಅಣ್ಣ?” ಎಂದಳು ಅವಳು. “ಅಲ್ಲೀಗ ಬಸ್ಸು ಓಡ್ತಾವೆ.”

ನೀತಿ: ಅನುಮಾನ ಪಡುವುದು ತಪ್ಪಲ್ಲ. ಆದರೆ ಕೆಲಸ ಬಲ್ಲವರ ಮಾತನ್ನು ಅನುಮಾನಿಸುವ ಮೊದಲು ನಿನ್ನ ತಿಳಿವಳಿಕೆಯನ್ನು ಅನುಮಾನಿಸು. ಕೆಲವು ತಪ್ಪುಗಳನ್ನು ತಿದ್ದಲು ಎರಡನೆಯ ಸಸಿ ಸಿಗುವುದಿಲ್ಲ.